ಫೋಟೋ ಎಡಿಟಿಂಗ್ ಕಲಿಯಲು ಮೊದಲು ಫೋಟೋಶಾಪ್ ಕೊಳ್ಳಬೇಕೇ?

ಪ್ರಶ್ನೆ: ಕಾಸರಗೋಡಿನ ಕಾಲೇಜೊಂದರಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೇನೆ, ಮನೆ ಬದಿಯಡ್ಕದ ಹತ್ತಿರ. ಸೆಕೆಂಡ್‌ಹ್ಯಾಂಡ್ ಕ್ಯಾನನ್ ಕ್ಯಾಮೆರಾದಲ್ಲಿ ಯಕ್ಷಗಾನ, ಕೋಲ, ತೆಯ್ಯಂ ಫೋಟೋ ತೆಗೆಯುತ್ತೇನೆ. ರಾತ್ರಿಯ ಫೋಟೋಗಳಲ್ಲಿ ವೇಷದ ಕೆಂಪೆಲ್ಲ ಒಂದೇ ಮುದ್ದೆಯಾಗಿ ಕಾಣುತ್ತದೆ. ಇಲ್ಲೊಂದು ಕಂಪ್ಯೂಟರ್ ಅಂಗಡಿಯಲ್ಲಿ 500 ರೂಪಾಯಿಗೆ ‘ಲೈಫ್‌ಟೈಮ್ ಫೋಟೋಶಾಪ್’ ಹಾಕಿಕೊಡುತ್ತೇವೆ ಅನ್ನುತ್ತಾರೆ. ನನಗೆ ಅಸಲಿಯನ್ನೇ ವಿದ್ಯಾರ್ಥಿ ದರದಲ್ಲಿ ಕೊಳ್ಳುವ ಆಸೆ, ಆದರೆ ಕಾಲೇಜಿನಿಂದ ಇಮೇಲ್ ಸಿಕ್ಕಿಲ್ಲ. ಲ್ಯಾಪ್‌ಟಾಪ್ 8 ಜಿಬಿಯದು. ಪೋಸ್ಟರಿನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಒಡೆದು ಹೋಗುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ‘ಲೈಫ್‌ಟೈಮ್’ ವಿಷಯ ಮುಗಿಸಿಬಿಡೋಣ. ಒಮ್ಮೆ ದುಡ್ಡು ಕೊಟ್ಟು ಕಾಯಂ ಇಟ್ಟುಕೊಳ್ಳಬಹುದಾದ ಫೋಟೋಶಾಪ್ ಕೊನೆಯದಾಗಿ ಬಂದದ್ದು 2012ರಲ್ಲಿ, ಸಿಎಸ್6 ಎಂಬ ಹೆಸರಿನಲ್ಲಿ. 2013ರಿಂದ ಅಡೋಬಿ ಹೊಸ ಫೋಟೋಶಾಪನ್ನು ಚಂದಾ ಲೆಕ್ಕದಲ್ಲಿ ಮಾತ್ರ ಕೊಡುತ್ತಿದೆ. ಆದ್ದರಿಂದ ಈಗಿನ ಫೋಟೋಶಾಪಿಗೆ ಲೈಫ್‌ಟೈಮ್ ಕೀ ಎಂಬುದೇ ಇಲ್ಲ. ಹಾಗೆ ಹೇಳಿ ಮಾರುವುದು ಒಂದೋ ಕ್ರ್ಯಾಕ್ ಮಾಡಿದ ಪ್ರತಿ, ಇಲ್ಲವೇ ಯಾವುದೋ ಸಂಸ್ಥೆಯ ಲೈಸೆನ್ಸಿನೊಳಗೆ ಗುಟ್ಟಾಗಿ ಸೇರಿಸಿದ ಖಾತೆ. ಎರಡನೆಯದಾದರೆ ಆ ಸಂಸ್ಥೆಯವರು ನಿಮ್ಮ ಹೆಸರು ತೆಗೆದ ದಿನ ಫೋಟೋಶಾಪಿನ ಜೊತೆಗೆ ಕ್ಲೌಡಿನಲ್ಲಿಟ್ಟ ಫೈಲುಗಳೂ ಕೈತಪ್ಪುತ್ತವೆ.

ಕ್ರ್ಯಾಕ್ ಪ್ರತಿಯಲ್ಲಿ ಆಗುವ ನಷ್ಟ ಬೇರೆ ಥರದ್ದು. ಅದನ್ನು ಹಾಕುವಾಗ ಮೊದಲ ಕೆಲಸವೇ ವೈರಸ್ ತಡೆಯುವ ವಿಂಡೋಸ್ ಡಿಫೆಂಡರನ್ನು ಆಫ್ ಮಾಡುವುದು. ಬಾಗಿಲ ಚಿಲಕ ತೆಗೆದಿಟ್ಟು ಗುರುತಿಲ್ಲದವರನ್ನು ಒಳಗೆ ಕರೆದಂತೆ. ಇಂಥ ಕಟ್ಟುಗಳ ಜೊತೆ ಬರುವ ಕಳ್ಳ ಪ್ರೋಗ್ರಾಂಗಳಲ್ಲಿ ಒಂದು ಜಾತಿ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಲಾಗಿನ್ ಕುಕಿಗಳನ್ನೂ (ನೀವು ಆಗಲೇ ಲಾಗಿನ್ ಆಗಿದ್ದೀರಿ ಎಂದು ಸೈಟಿಗೆ ತಿಳಿಸುವ ಗುರುತು) ಹೊರಗೆ ಸಾಗಿಸುತ್ತದೆ. ಕುಕಿ ಸಿಕ್ಕರೆ ಒಟಿಪಿ ಇಲ್ಲದೆಯೇ ನಿಮ್ಮ ಇನ್‌ಸ್ಟಾಗ್ರಾಂ, ಜಿಮೇಲ್ ಒಳಗೆ ಹೋಗಬಹುದು. ಕಾನೂನಿನ ಮಾತೂ ಇದೆ: 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನ ಪ್ರಕಾರ ನಕಲಿ ಎಂದು ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಬಳಸದಿದ್ದರೆ ನ್ಯಾಯಾಲಯ ಸೆರೆ ಬಿಟ್ಟು 50,000ದವರೆಗಿನ ದಂಡಕ್ಕೆ ಇಳಿಸಬಹುದು. ಮದುವೆ, ಉಪನಯನದ ಫೋಟೋಗೆ ದುಡ್ಡು ತೆಗೆದುಕೊಳ್ಳುವವರು ‘ಲಾಭಕ್ಕಲ್ಲ’ ಎನ್ನುವಂತಿಲ್ಲ.

ಈಗಾಗಲೇ ಹಾಕಿಸಿದ್ದರೆ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದು. ಫೋಟೋ ಮತ್ತು ಡಾಕ್ಯುಮೆಂಟುಗಳನ್ನು ಮಾತ್ರ ಹೊರಗಿನ ಡಿಸ್ಕಿಗೆ ತೆಗೆದಿಟ್ಟು (ಇನ್‌ಸ್ಟಾಲ್ ಫೈಲುಗಳು ಒಂದೂ ಬೇಡ), ವಿಂಡೋಸ್ ಹೊಸದಾಗಿ ಹಾಕಿಸಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ, ಪ್ರತಿ ಖಾತೆಯಲ್ಲೂ ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ಕುಕಿ ಸತ್ತುಹೋಗುವುದು ಆಗಲೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅಸಲಿ ಕೊಳ್ಳಬೇಕೆಂಬ ನಿಮ್ಮ ಮನಸ್ಸು ದೊಡ್ಡದು, ಅದನ್ನು ಬಿಡಬೇಡಿ. ಆದರೆ ಈಗಲೇ ಕೊಳ್ಳಬೇಡಿ. ನೀವು ಹೇಳಿದ ಕೆಂಪು ಮುದ್ದೆಯ ತೊಂದರೆ ಹುಟ್ಟುವುದು ಕ್ಯಾಮೆರಾದಲ್ಲಿ. ಫೋಟೋಶಾಪ್ ಬಂದರೂ ಅದು ಹಾಗೆಯೇ ಇರುತ್ತದೆ. ಕನಿಷ್ಠ ಮೂರು ತಿಂಗಳು ಉಚಿತ ಸಾಧನಗಳಲ್ಲಿ ಕೈ ಪಳಗಿಸಿ, ಅವು ಎಲ್ಲಿ ಸಾಲುವುದಿಲ್ಲ ಎಂದು ನಿಮ್ಮ ಕೈಗೇ ತಿಳಿದ ಮೇಲೆ ದುಡ್ಡು ಹಾಕಿ. ಚಂದಾದ ಗಡಿಯಾರ ನೀವು ಕಲಿಯುವವರೆಗೆ ಕಾಯುವುದಿಲ್ಲ.

ಕೆಂಪು ಯಾಕೆ ಮುದ್ದೆಯಾಗುತ್ತದೆ ನೋಡಿ. ಫೋಟೋದಲ್ಲಿ ಪ್ರತಿ ಚುಕ್ಕೆಯ ಬೆಳಕೂ ಕೆಂಪು, ಹಸಿರು, ನೀಲಿ ಎಂದು ಮೂರು ಪಾಲಾಗಿ ದಾಖಲಾಗುತ್ತದೆ. ಜೆಪೆಗ್ ಫೈಲಿನಲ್ಲಿ ಪ್ರತಿಯೊಂದೂ 0ಯಿಂದ 255ರವರೆಗೆ. ರಂಗಸ್ಥಳದ ಎಲ್‌ಇಡಿ ಅಥವಾ ಸೂಟೆಯ ಬೆಂಕಿ ಕೆಂಪು ಬಟ್ಟೆಯ ಮೇಲೆ ಬಿದ್ದಾಗ ಹಸಿರು, ನೀಲಿ ಕೆಳಗೇ ಉಳಿಯುತ್ತವೆ, ಕೆಂಪು ಮಾತ್ರ ಬೇಗ 255 ಮುಟ್ಟಿಬಿಡುತ್ತದೆ. ಅಲ್ಲಿಂದ ಮೇಲೆ ಏರಲು ಜಾಗವಿಲ್ಲ. ಬಟ್ಟೆಯ ನೆರಿಗೆ, ಕೆನ್ನೆಯ ಬರವಣಿಗೆ ಎಲ್ಲ ಒಂದೇ ಅಂಕೆಯಾಗಿ ಕೂತುಬಿಡುತ್ತವೆ. ಒಟ್ಟು ಬೆಳಕಿನ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿದರೆ ಇದು ತಿಳಿಯುವುದಿಲ್ಲ, ಯಾಕೆಂದರೆ ಸುತ್ತ ಕತ್ತಲೆ ಇದೆ, ಸರಾಸರಿ ಸರಿಯಾಗಿಯೇ ಕಾಣುತ್ತದೆ. ಕ್ಯಾನನ್ ಮೆನುವಿನಲ್ಲಿ ಹಿಸ್ಟೋಗ್ರಾಮನ್ನು ‘ಬ್ರೈಟ್‌ನೆಸ್’ನಿಂದ ‘ಆರ್‌ಜಿಬಿ’ಗೆ ಬದಲಿಸಿ. ಕೆಂಪು ಗುಡ್ಡೆ ಬಲಗೋಡೆಗೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಷರನ್ನು (ಫೋಟೋಗೆ ಸಿಗುವ ಬೆಳಕನ್ನು) ಮೂರನೇ ಒಂದು ಅಥವಾ ಮೂರನೇ ಎರಡು ಸ್ಟಾಪ್ (ಬೆಳಕಿನ ಅಳತೆಯ ಹೆಜ್ಜೆ) ಇಳಿಸಿ. ಮತ್ತು ಇಂದಿನಿಂದಲೇ ರಾ ಫೈಲಿನಲ್ಲಿ (ಕ್ಯಾಮೆರಾ ಅಳೆದದ್ದನ್ನು ಹಾಗೆಯೇ ಇಡುವ ಫೈಲು) ತೆಗೆಯಿರಿ. ಜೆಪೆಗ್‌ನಲ್ಲಿ ಹೋದ ನೆರಿಗೆ ಹೋಯಿತು. ರಾದಲ್ಲಿ ಒಂದಿಷ್ಟು ಮರಳಿ ಸಿಗುತ್ತದೆ.

ರಾ ಫೈಲನ್ನು ತೆರೆಯಲು ನಿಮಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ಕ್ಯಾನನ್‌ನವರದೇ ಡಿಜಿಟಲ್ ಫೋಟೋ ಪ್ರೊಫೆಶನಲ್ ಎಂಬ ಸಾಫ್ಟ್‌ವೇರ್ ಉಚಿತ. ಡೌನ್‌ಲೋಡ್ ಮಾಡುವಾಗ ಕ್ಯಾಮೆರಾದ ಸೀರಿಯಲ್ ನಂಬರ್ ಕೇಳುತ್ತದೆ, ಅದು ಕ್ಯಾಮೆರಾದ ಮೈಮೇಲೆಯೇ ಇರುತ್ತದೆ. ನಿಕಾನ್ ಇದ್ದವರಿಗೆ ಎನ್ಎಕ್ಸ್ ಸ್ಟುಡಿಯೋ ಇದೆ. ಕ್ಯಾನನ್‌ನ ಸಾಫ್ಟ್‌ವೇರಿನಲ್ಲಿ ಫೋಟೋ ತೆರೆದು ಮೊದಲು ಪಿಕ್ಚರ್ ಸ್ಟೈಲನ್ನು ‘ಸ್ಟ್ಯಾಂಡರ್ಡ್’ನಿಂದ ‘ನ್ಯೂಟ್ರಲ್’ಗೆ ಬದಲಿಸಿ. ಸ್ಟ್ಯಾಂಡರ್ಡ್ ಬಣ್ಣವನ್ನೂ ಕಾಂಟ್ರಾಸ್ಟನ್ನೂ ಏರಿಸಿಯೇ ಕೊಡುತ್ತದೆ. ಇದೊಂದನ್ನು ಬದಲಿಸಿದರೆ ಎಷ್ಟೋ ಸಲ ಕೆಂಪಿನೊಳಗಿನ ನೆರಿಗೆ ಕಣ್ಣೆದುರೇ ಎದ್ದು ಬರುತ್ತದೆ. ಆಮೇಲೆ ಬ್ರೈಟ್‌ನೆಸ್ ಸ್ವಲ್ಪ ಇಳಿಸಿ.

ಬಳಿಕ ವೈಟ್ ಬ್ಯಾಲೆನ್ಸ್, ಎಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು. ಹಿಮ್ಮೇಳದವರ ಬಿಳಿ ಪಂಚೆ ಇದಕ್ಕೆ ಒಳ್ಳೆಯ ಆಧಾರ, ಆದರೆ ಬಣ್ಣ ಅಳೆಯುವ ಡ್ರಾಪರನ್ನು ಹೊಳೆಯುವ ಜಾಗದಲ್ಲಿ ಇಡಬೇಡಿ. ಅಲ್ಲಿ ಮೂರೂ ಬಣ್ಣ 255 ಆಗಿದ್ದರೆ ಅಳೆಯಲು ಏನೂ ಇರುವುದಿಲ್ಲ. ಪಂಚೆಯ ಮಡಿಕೆಯ ನೆರಳಿನಲ್ಲಿ ಬೂದು ಕಾಣುವ ಕಡೆ ಇಡಿ. ಬಣ್ಣದ ಲೈಟು ಅದರ ಮೇಲೆ ಬೀಳುತ್ತಿದ್ದರೆ ಆ ಫೋಟೋ ಬಿಟ್ಟು, ಅದೇ ರಾತ್ರಿಯ ಬೇರೊಂದರಿಂದ ಅಳತೆ ತೆಗೆದು ಎಲ್ಲದಕ್ಕೂ ಹಾಕಿ. ತೆಯ್ಯಂ, ಕೋಲದ ಬೆಂಕಿ ಬೆಳಕಿಗೆ ಈ ಲೆಕ್ಕ ಬೇಡ. ಬೆಂಕಿಯ ಬಣ್ಣ ಸುಮಾರು 2000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ). ಅದನ್ನು ಬಿಳಿ ಮಾಡಹೊರಟರೆ ರಾತ್ರಿಯೇ ಸತ್ತು, ಹಗಲು ಚಾವಡಿಯಲ್ಲಿ ತೆಗೆದಂತೆ ಕಾಣುತ್ತದೆ. 3000–3500ರ ನಡುವೆ ಇಟ್ಟು ಹಳದಿ ಉಳಿಸಿಕೊಳ್ಳಿ.

ಐಎಸ್‌ಒ (ಕತ್ತಲಲ್ಲಿ ಏರಿಸುವ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ) 3200, 6400ರ ಫೋಟೋಗಳಲ್ಲಿ ಕಾಳುಕಾಳು ಬರುವುದು ಸಹಜ. ಅದನ್ನು ಪೂರ್ತಿ ಒರೆಸಿ ತೆಗೆಯಲು ಹೋಗಬೇಡಿ. ಬಣ್ಣದ ವೇಷದ ಮುಖದಲ್ಲಿ ಗಂಟೆಗಟ್ಟಲೆ ಕೂತು ಇಟ್ಟ ಚುಟ್ಟಿಯ ಬಿಳಿ ಚುಕ್ಕೆಗಳೂ ಸಾಫ್ಟ್‌ವೇರಿನ ಕಣ್ಣಿಗೆ ಕಾಳುಗಳೇ. ನಾಯ್ಸ್ ರಿಡಕ್ಷನ್ ಜೋರು ಮಾಡಿದರೆ ಅವು ಗಂಜಿಯಂತೆ ಕಲಸಿಹೋಗುತ್ತವೆ. ಬಣ್ಣದ ಕಾಳನ್ನು ಧಾರಾಳವಾಗಿ ತೆಗೆಯಿರಿ, ಬೆಳಕಿನ ಕಾಳನ್ನು ಅಳತೆಯಲ್ಲಿ. ಫೋಟೋವನ್ನು 100 ಶೇಕಡಾ ಗಾತ್ರದಲ್ಲಿ ನೋಡುತ್ತ ಮಾಡಿ, ಚುಕ್ಕೆಯ ಅಂಚು ಮಸುಕಾದ ಕೂಡಲೇ ಒಂದು ಹೆಜ್ಜೆ ಹಿಂದೆ ಬನ್ನಿ.

ಇಷ್ಟಾದ ಮೇಲೆ ಬಣ್ಣದ ವಿವರ ಹೆಚ್ಚು ಉಳಿಸುವ 16 ಬಿಟ್ ಟಿಫ್ ಫೈಲಾಗಿ ಉಳಿಸಿ ಜಿಂಪ್ ಎಂಬ ಉಚಿತ ಎಡಿಟರಿನಲ್ಲಿ ತೆರೆಯಿರಿ. 24 ಮೆಗಾಪಿಕ್ಸೆಲ್ ಫೋಟೋವಾದರೆ ಈ ಟಿಫ್ ಸುಮಾರು 144 ಎಂಬಿ ಆಗುತ್ತದೆ. 8 ಜಿಬಿ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ಬ್ರೌಸರ್ ಮುಚ್ಚಿಟ್ಟುಕೊಳ್ಳಿ ಅಷ್ಟೆ. ಕೇರಳದ ಶಾಲೆಯಲ್ಲಿ ಓದಿದ್ದರೆ ಜಿಂಪ್ ನಿಮಗೆ ಹೊಸತೇನಲ್ಲ. ಹೈಸ್ಕೂಲಿನ ಐಸಿಟಿ ಪಾಠಗಳು ಸ್ವತಂತ್ರ ಸಾಫ್ಟ್‌ವೇರಿನ ಮೇಲೆಯೇ ನಿಂತಿವೆ, ಜಿಂಪ್, ರೇಖಾಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಎರಡೂ ಅಲ್ಲಿ ಬರುತ್ತವೆ, ಕನ್ನಡ ಮಾಧ್ಯಮಕ್ಕೂ ಪುಸ್ತಕವಿದೆ. ಆ ಹಳೆಯ ಪುಸ್ತಕ ಅಟ್ಟದಲ್ಲಿದ್ದರೆ ಕೆಳಗಿಳಿಸಿ. ಲೇಯರ್ (ಚಿತ್ರದಲ್ಲಿ ಒಂದರ ಮೇಲೊಂದು ಇಡುವ ಪದರ) ಎಂದರೇನು ಎಂದು ತಿಳಿಯಲು ಅದು ಸಾಕು.

ಹಾಕುವುದಾದರೆ 2025ರ ಮಾರ್ಚ್‌ನಲ್ಲಿ ಬಂದ ಜಿಂಪ್ 3.0 ಅಥವಾ ಅದಕ್ಕಿಂತ ಹೊಸದನ್ನೇ ಹಾಕಿ. ಹಳೆಯ ಜಿಂಪ್‌ನಲ್ಲಿ ಕರ್ವ್ಸ್ (ಬೆಳಕು, ಕತ್ತಲೆ ತಿದ್ದುವ ಸಾಧನ) ಹಾಕಿದರೆ ಅದು ಚಿತ್ರದೊಳಗೇ ಕರಗಿಹೋಗುತ್ತಿತ್ತು. ಹೊಸದರಲ್ಲಿ ಫಿಲ್ಟರ್ ಕಿಟಕಿಯ ಕೆಳಗೆ ‘ಮರ್ಜ್ ಫಿಲ್ಟರ್’ ಎಂಬುದರ ಟಿಕ್ ಗುರುತು ತೆಗೆದು ಕರ್ವ್ಸ್ ಹಾಕಿದರೆ ನಾಳೆ ಬಂದು ಪುನಃ ತಿದ್ದಬಹುದು.

ಕಲಿಯಬೇಕಾದ್ದರಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಮೇಲಿನದು ಮಾಸ್ಕ್, ಎಂದರೆ ಲೇಯರಿನ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂದು ಹೇಳುವ ಮುಸುಕು. ಹೀಗೆ ಮಾಡಿ: ಫೋಟೋದ ಲೇಯರನ್ನು ನಕಲು ಮಾಡಿ, ಮೇಲಿನದನ್ನು ಕರ್ವ್ಸ್‌ನಿಂದ ಸ್ವಲ್ಪ ಬೆಳಗಿಸಿ, ಅದಕ್ಕೆ ಕಪ್ಪು ಲೇಯರ್ ಮಾಸ್ಕ್ ಸೇರಿಸಿ. ಬೆಳಗಿಸಿದ್ದು ಪೂರ್ತಿ ಮರೆಯಾಗುತ್ತದೆ. ಈಗ ಮೆತ್ತನೆ ಅಂಚಿನ ಬ್ರಷ್ಷು, ಬಿಳಿ ಬಣ್ಣ, ಒಪಾಸಿಟಿ (ಬಣ್ಣದ ದಟ್ಟತೆ) 15–20 ಇಟ್ಟುಕೊಂಡು ವೇಷಧಾರಿಯ ಕಣ್ಣು, ಹಣೆಯ ಮೇಲೆ ಎರಡು ಮೂರು ಸಲ ಸವರಿ. ಎಲ್ಲಿ ಸವರಿದಿರೋ ಅಲ್ಲಿ ಮಾತ್ರ ಬೆಳಕು. ಜಾಸ್ತಿಯಾದರೆ ಕಪ್ಪಿನಿಂದ ಸವರಿದರೆ ಹಿಂದೆ ಹೋಗುತ್ತದೆ. ಫೋಟೋಶಾಪಿನಲ್ಲಿರುವುದೂ ಇದೇ ಮಾಸ್ಕ್, ಅಫಿನಿಟಿ ಎಂಬ ಇನ್ನೊಂದು ಎಡಿಟರಿನಲ್ಲಿರುವುದೂ ಇದೇ. ಇದು ಕೈಗೆ ಹತ್ತಿದರೆ ಸಾಫ್ಟ್‌ವೇರ್ ಬದಲಾದರೂ ವಿದ್ಯೆ ಬದಲಾಗದು. ಪ್ರೀಸೆಟ್ (ಒಂದೇ ಕ್ಲಿಕ್ಕಿನ ಸಿದ್ಧ ತಿದ್ದುಪಡಿ) ಕಟ್ಟುಗಳನ್ನು ಕೊಂಡು ಕಲಿಯಲು ಹೊರಟವರಿಗೆ ಈ ಕೈ ಬರುವುದೇ ಇಲ್ಲ.

ನಡುವೆ ಪರದೆಯ ಮಾತೊಂದು ಹೇಳಲೇಬೇಕು. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳ ವಿವರದಲ್ಲಿ ‘45% ಎನ್‌ಟಿಎಸ್‌ಸಿ’ ಎಂದು ಬರೆದಿರುತ್ತದೆ. ಹಾಗೆಂದರೆ ಫೋನು, ವೆಬ್‌ಸೈಟುಗಳಿಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಎಂಬ ಬಣ್ಣಗಳ ಗುಂಪಿನಲ್ಲಿ ಸುಮಾರು ಮೂರನೇ ಎರಡು ಪಾಲು ಮಾತ್ರ ತೋರಿಸುವ ಪರದೆ; ಅದಕ್ಕೆ ಹೆಚ್ಚು ಕಷ್ಟವಾಗುವ ಬಣ್ಣಗಳಲ್ಲಿ ಕೆಂಪೂ ಒಂದು. ಇಂಥ ಪರದೆಯಲ್ಲಿ ಕೆಂಪು ಸಪ್ಪೆಯಾಗಿ ಕಾಣುತ್ತದೆ, ನೀವು ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸುತ್ತೀರಿ, ಗೆಳೆಯರ ಅಮೋಲೆಡ್ ಫೋನಿನಲ್ಲಿ ಅದೇ ಫೋಟೋ ಉರಿಯುತ್ತದೆ. ಅದಕ್ಕೆ ಕಣ್ಣಿಗಿಂತ ಹಿಸ್ಟೋಗ್ರಾಮನ್ನು ನಂಬಿ. ಮುಗಿಸುವ ಮೊದಲು ಎರಡು ಬೇರೆ ಫೋನುಗಳಲ್ಲಿ ನೋಡಿ. ಮುಂದೆ ದುಡ್ಡು ಕೂಡಿದಾಗ ಫೋಟೋಶಾಪಿನ ಚಂದಾಕ್ಕಿಂತ ಮೊದಲು 100% ಎಸ್‌ಆರ್‌ಜಿಬಿ ಎಂದು ಬರೆದ ಐಪಿಎಸ್ ಮಾನಿಟರ್ ಕೊಂಡರೆ ನಿಮ್ಮ ಫೋಟೋಗಳಿಗೆ ಹೆಚ್ಚು ಉಪಕಾರ.

ಉಳಿಸುವ ಕ್ರಮ: ಕೆಲಸದ ಪ್ರತಿ ಲೇಯರುಗಳನ್ನು ಹಾಗೆಯೇ ಇಡುವ ಜಿಂಪ್‌ನ ಎಕ್ಸ್‌ಸಿಎಫ್ ಅಥವಾ ಫೋಟೋಶಾಪಿನ ಪಿಎಸ್‌ಡಿ ಫೈಲಿನಲ್ಲಿ, ಹೊರಗೆ ಕೊಡುವ ಪ್ರತಿ ಜೆಪೆಗ್‌ನಲ್ಲಿ. ಜೆಪೆಗ್ಗನ್ನು ತೆರೆದು ತಿದ್ದಿ ಪುನಃ ಜೆಪೆಗ್ ಮಾಡುತ್ತ ಹೋದರೆ ಪ್ರತಿ ಸಲವೂ ಸವೆಯುತ್ತದೆ. ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ, 8×12 ಇಂಚಿಗೆ 2400×3600. ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿಯೇ ಇರಲಿ. ಇನ್ನೊಂದು ಪ್ರೊಫೈಲಾದ ಅಡೋಬಿ ಆರ್‌ಜಿಬಿಯಲ್ಲಿ ಕೊಟ್ಟ ಫೈಲನ್ನು ಪ್ರೊಫೈಲ್ ಗಮನಿಸದ ಲ್ಯಾಬಿನಲ್ಲಿ ಪ್ರಿಂಟ್ ಹಾಕಿದರೆ ಬಣ್ಣ ಮಂಕಾಗಿ ಬರುತ್ತದೆ. ಅಭ್ಯಾಸಕ್ಕೆ ಮನೆಯವರ, ನೆರೆಕರೆಯವರ ಕೇರಳ ಪಿಎಸ್‌ಸಿ (ಸರ್ಕಾರಿ ನೌಕರಿ) ಅರ್ಜಿಯ ಫೋಟೋ ಮಾಡಿಕೊಡಿ: 150×200 ಪಿಕ್ಸೆಲ್, 30 ಕೆಬಿ ಒಳಗೆ, ಕೆಳಗೆ ಹೆಸರು ಮತ್ತು ಫೋಟೋ ತೆಗೆದ ದಿನಾಂಕ. ಕ್ರಾಪ್, ಅಳತೆ, ಗುಣಮಟ್ಟದ ಶೇಕಡಾ, ಅಕ್ಷರ, ಎಲ್ಲ ಒಂದೇ ಕೆಲಸದಲ್ಲಿ ಬರುತ್ತದೆ.

ಒತ್ತಕ್ಷರ ಒಡೆಯುವುದಕ್ಕೆ ಎರಡು ಕಾರಣ. ನುಡಿ ಅಥವಾ ಬರಹ ಎಂಬ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿ, ಈಗ ಎಲ್ಲ ಕಡೆ ನಡೆಯುವ ಯುನಿಕೋಡ್ ಫಾಂಟಿನಲ್ಲಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ. ಅಕ್ಷರ ಕನ್ನಡವೇ ಆಗಿದ್ದು ಒತ್ತು ಮಾತ್ರ ಪಕ್ಕಕ್ಕೆ ಬಂದು ಕೂತರೆ ಅದು ಅಕ್ಷರ ಜೋಡಿಸುವ ಎಂಜಿನಿನ ತೊಂದರೆ. ಹಳೆಯ ಫೋಟೋಶಾಪ್ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್, ಟೈಪ್ ಒಳಗೆ ‘ಮಿಡಲ್ ಈಸ್ಟರ್ನ್ ಆಂಡ್ ಸೌತ್ ಏಶಿಯನ್’ ಆರಿಸಿ, ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಗುರುತು ಹಾಕಬೇಕು, ಆಮೇಲೆ ಹೊಸ ಟೆಕ್ಸ್ಟ್ ಲೇಯರ್ ತೆರೆಯಬೇಕು. ಜಿಂಪ್, ಇಂಕ್‌ಸ್ಕೇಪ್‌ಗಳಲ್ಲಿ ಕನ್ನಡ ತಾನಾಗಿಯೇ ಸರಿಯಾಗಿ ಕೂರುತ್ತದೆ. ಯಾವ ಸಾಫ್ಟ್‌ವೇರ್ ಆದರೂ ಮೊದಲು ‘ಶ್ರೀಕ್ಷೇತ್ರ, ರಾಷ್ಟ್ರೀಯ, ಸೂರ್ಯ’ ಎಂದು ಬರೆದು ನೋಡಿ. ಒತ್ತು, ಮೂರಕ್ಷರದ ಕೂಡಿಕೆ, ಅರ್ಕಾವತ್ತು ಮೂರೂ ಸರಿ ಬಂದರೆ ನಂಬಬಹುದು. ಫಾಂಟಿಗೆ ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಉಚಿತ. ನಮ್ಮ ಕಡೆಯ ಪೋಸ್ಟರುಗಳಲ್ಲಿ ಮಲಯಾಳವೂ ಇರಬೇಕಾಗುವುದರಿಂದ ಅದಕ್ಕೆ ಮಂಜರಿ ಅಥವಾ ರಚನ ಇಟ್ಟುಕೊಳ್ಳಿ, ಎರಡು ಭಾಷೆಗೂ ಬೇರೆ ಬೇರೆ ಟೆಕ್ಸ್ಟ್ ಲೇಯರ್ ಮಾಡಿ.

ಮೂರು ತಿಂಗಳು ಕಳೆದು, ನೂರಿನ್ನೂರು ಫೋಟೋಗಳನ್ನು ಒಂದೇ ಸಲ ತಿದ್ದುವ ಅವಸರ, ಸ್ಟುಡಿಯೋಗಳಿಂದ ಲೈಟ್‌ರೂಮ್ (ಅಡೋಬಿಯದೇ ಇನ್ನೊಂದು ಫೋಟೋ ಸಾಫ್ಟ್‌ವೇರ್) ಗೊತ್ತಾ ಎಂಬ ಪ್ರಶ್ನೆ ಬರತೊಡಗಿದರೆ ಆಗ ಕೊಳ್ಳುವ ಮಾತು. ಅದಕ್ಕೂ ಮೊದಲು ಅಫಿನಿಟಿ ನೋಡಿ. ದುಡ್ಡಿಗೆ ಮಾರುತ್ತಿದ್ದ ಇದನ್ನು ಕ್ಯಾನ್ವಾ ಕಂಪನಿ 2024ರಲ್ಲಿ ಕೊಂಡು, 2025ರ ಅಕ್ಟೋಬರ್‌ನಲ್ಲಿ ಉಚಿತ ಮಾಡಿತು. ಕ್ಯಾನ್ವಾ ಖಾತೆ ಒಂದಿದ್ದರೆ ಸಾಕು, ಎಐ ಸೌಲಭ್ಯಗಳಿಗೆ ಮಾತ್ರ ಚಂದಾ. ಇದರ ಹಿಂದಿನ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳ ಜೋಡಣೆ ಸರಿಯಿರಲಿಲ್ಲವಾದ್ದರಿಂದ ಮೇಲಿನ ಮೂರು ಪದಗಳ ಪರೀಕ್ಷೆ ಮಾಡದೆ ಪೋಸ್ಟರ್ ಕೆಲಸ ಹಿಡಿಯಬೇಡಿ. ಕಾಲೇಜು ಲ್ಯಾಬಿನಲ್ಲಿ ಏನೂ ಇನ್‌ಸ್ಟಾಲ್ ಮಾಡಲು ಬಿಡದಿದ್ದರೆ ಬ್ರೌಸರಿನಲ್ಲೇ ಓಡುವ ಫೋಟೋಪಿಯಾ ಇದೆ, ಪಿಎಸ್‌ಡಿಯನ್ನೂ ತೆರೆಯುತ್ತದೆ.

ಅಡೋಬಿಯ ವಿದ್ಯಾರ್ಥಿ ದರದಲ್ಲಿ ಸಿಗುವುದು ಇಪ್ಪತ್ತಕ್ಕೂ ಹೆಚ್ಚು ಆ್ಯಪ್‌ಗಳ ದೊಡ್ಡ ಕಟ್ಟು. ಫೋಟೋ ಮಾತ್ರ ತಿದ್ದುವವರಿಗೆ ಬೇಕಾದ್ದು ಅದರಲ್ಲಿ ಎರಡು: ಫೋಟೋಶಾಪ್, ಲೈಟ್‌ರೂಮ್. ಇವೆರಡೇ ಇರುವ ಫೋಟೋಗ್ರಫಿ ಪ್ಲಾನ್ ಎಲ್ಲರಿಗೂ ಬೇರೆಯಾಗಿ ಸಿಗುತ್ತದೆ. ಆದ್ದರಿಂದ ‘ವಿದ್ಯಾರ್ಥಿ ರಿಯಾಯಿತಿ’ ಎಂಬ ದೊಡ್ಡ ಶೇಕಡಾ ನೋಡಿ ಮರುಳಾಗಬೇಡಿ. ಬೆಲೆ ಆಗಾಗ ಬದಲಾಗುವುದರಿಂದ ಕೊಳ್ಳುವ ದಿನ ಕಾಗದ ಹಿಡಿದು ಕೂತು ಮೂರು ವರ್ಷದ ಲೆಕ್ಕ ಹಾಕಿ: ವಿದ್ಯಾರ್ಥಿ ಪ್ಲಾನಿನ ಮೊದಲ ವರ್ಷದ ತಿಂಗಳ ದರ ಗುಣಿಸು 12, ಎರಡನೇ ವರ್ಷದಿಂದಾಗುವ ಏರಿದ ದರ ಗುಣಿಸು 24, ಎರಡನ್ನೂ ಕೂಡಿ. ಇನ್ನೊಂದು ಕಡೆ ಫೋಟೋಗ್ರಫಿ ಪ್ಲಾನಿನ ದರ ಗುಣಿಸು 36. ಜಿಎಸ್‌ಟಿ ಸೇರಿದ ದರವೇ ಎಂದು ಎರಡರಲ್ಲೂ ನೋಡಿ. ವಿಡಿಯೋ ಎಡಿಟಿಂಗ್, ಪುಸ್ತಕ ವಿನ್ಯಾಸ ಕೂಡ ಮಾಡುವವರಿಗೆ ಮಾತ್ರ ದೊಡ್ಡ ಕಟ್ಟು ನಿಜವಾಗಿ ಅಗ್ಗ.

ಕಾಲೇಜು ಇಮೇಲ್ ಇಲ್ಲದಿದ್ದರೆ ತೊಂದರೆಯಿಲ್ಲ, ದಾಖಲೆ ಕೇಳುತ್ತಾರೆ. ಗುರುತಿನ ಚೀಟಿ, ಅಂಕಪಟ್ಟಿ, ಫೀಸಿನ ರಶೀದಿ ನಡೆಯುತ್ತದೆ. ಅದರಲ್ಲಿ ನಿಮ್ಮ ಹೆಸರು, ಸಂಸ್ಥೆಯ ಹೆಸರು, ಈಚಿನ ದಿನಾಂಕ ಮೂರೂ ಇರಬೇಕು. ದಿನಾಂಕ ಆರು ತಿಂಗಳೊಳಗಿನದಾಗಿರಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಕಾಲೇಜಿನ ಐಡಿ ಕಾರ್ಡಿನಲ್ಲಿ ಸೇರಿದ ಮತ್ತು ಮುಗಿಯುವ ವರ್ಷ ಮಾತ್ರ ಇರುತ್ತದೆ. ಈ ಸೆಮಿಸ್ಟರಿನ ಫೀಸ್ ರಶೀದಿ ಕೊಡುವುದು ಒಳ್ಳೆಯದು. ಇನ್ನೊಂದು, ಹೆಸರು. ರಶೀದಿಯಲ್ಲಿ ಇನಿಶಿಯಲ್, ಖಾತೆಯಲ್ಲಿ ಮನೆತನದ ಹೆಸರು ಎಂದಾದರೆ ತಾಳೆಯಾಗದೆ ವಾಪಸು ಬರಬಹುದು. ಖಾತೆ ತೆರೆಯುವಾಗಲೇ ಕಾಲೇಜು ದಾಖಲೆಯಲ್ಲಿದ್ದಂತೆ ಹೆಸರು ಬರೆಯಿರಿ.

ದುಡ್ಡು ಕಟ್ಟುವಾಗ ‘ವಾರ್ಷಿಕ, ತಿಂಗಳು ತಿಂಗಳು ಪಾವತಿ’ ಎಂಬ ಸಾಲಿನ ಬಗ್ಗೆ ಎಚ್ಚರ. ತಿಂಗಳಿಗೆ ಕೊಟ್ಟರೂ ನೀವು ಒಪ್ಪಿಕೊಂಡದ್ದು ಇಡೀ ವರ್ಷಕ್ಕೆ. ಮೊದಲ 14 ದಿನದೊಳಗೆ ರದ್ದು ಮಾಡಿದರೆ ಪೂರ್ತಿ ಹಣ ವಾಪಸು. ಆಮೇಲೆ ಮಾಡಿದರೆ ಉಳಿದ ತಿಂಗಳುಗಳ ಮೊತ್ತದಲ್ಲಿ ಅರ್ಧವನ್ನು ದಂಡವಾಗಿ ಹಿಡಿಯುತ್ತಾರೆ. 7 ದಿನದ ಉಚಿತ ಪ್ರಯೋಗವೂ ಮುಗಿದ ಕೂಡಲೇ ತಾನಾಗಿಯೇ ಚಂದಾ ಆಗುತ್ತದೆ, ಹಾಗಾಗಿ ಪರೀಕ್ಷೆಯ ವಾರದಲ್ಲಿ ಅದನ್ನು ಶುರು ಮಾಡಬೇಡಿ. ತಿದ್ದಲು ಒಂದು ಮೇಳದ ಫೋಟೋ ರಾಶಿ ಕೈಯಲ್ಲಿದ್ದಾಗ ಮಾಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಸಲ ಹಣ ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕಿನಿಂದ ಸೂಚನೆ ಬರುತ್ತದೆ. ಕಾರ್ಡು ತಂದೆಯವರದಾದರೆ ಮೆಸೇಜು ಅವರ ಫೋನಿಗೆ ಹೋಗುತ್ತದೆ, ಮೊದಲೇ ಹೇಳಿಟ್ಟಿರಿ. ಮೊದಲ ವರ್ಷ ಮುಗಿಯುವ 30 ದಿನ ಮೊದಲು ಫೋನಿನಲ್ಲಿ ನೆನಪಿನ ಗಂಟೆ ಇಡಿ, ವರ್ಷ ಮುಗಿದ ಕೂಡಲೇ ದರ ಏರುತ್ತದೆ. ಒಂದೇ ಖಾತೆಯಲ್ಲಿ ಎರಡು ಕಂಪ್ಯೂಟರಿಗೆ ಲಾಗಿನ್ ಆಗಬಹುದು, ಆದರೆ ಅದು ನಿಮ್ಮೊಬ್ಬರದೇ ಖಾತೆ. ನಾಲ್ಕು ಗೆಳೆಯರು ಸೇರಿ ಹಂಚಿಕೊಳ್ಳಲು ಅಲ್ಲ. ಬೇರೆ ಕಂಪನಿಗಳ ವಿದ್ಯಾರ್ಥಿ ಲೈಸೆನ್ಸ್ ಕೊಳ್ಳುವುದಿದ್ದರೆ ಸಂಪಾದನೆಯ ಕೆಲಸಕ್ಕೆ ಬಳಸಬಹುದೇ ಎಂದು ಷರತ್ತಿನಲ್ಲಿ ಓದಿ, ಕೆಲವು ಬಿಡುವುದಿಲ್ಲ. ಜಿಂಪ್‌ಗೆ ಅಂಥ ಕಟ್ಟುಪಾಡಿಲ್ಲ.

ಚಂದಾ ನಿಲ್ಲಿಸಿದ ಮೇಲೂ ಲೈಟ್‌ರೂಮ್ ಕ್ಲಾಸಿಕ್ ತೆರೆಯುತ್ತದೆ, ಫೋಟೋ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು. ಆದರೆ ತಿದ್ದುವ ಡೆವಲಪ್ ಭಾಗ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಮುಖ್ಯ ಫೋಟೋಗಳ 16 ಬಿಟ್ ಟಿಫ್ ಪ್ರತಿ ಮತ್ತು ಮೂಲ ರಾ ಫೈಲುಗಳನ್ನು ನಿಮ್ಮದೇ ಎರಡು ಹಾರ್ಡ್‌ಡಿಸ್ಕುಗಳಲ್ಲಿ ಇಡುತ್ತ ಬನ್ನಿ, ಒಂದು ಮನೆಯಲ್ಲಿ, ಇನ್ನೊಂದು ಬೇರೆ ಕಡೆ. ಮಳೆಗಾಲದಲ್ಲಿ ಡಿಸ್ಕನ್ನೂ ಲೆನ್ಸನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಇಲ್ಲಿಯ ಜೂನ್, ಜುಲೈ ತಿಂಗಳ ತೇವಕ್ಕೆ ಲೆನ್ಸಿನೊಳಗೆ ಬೂಸಲು ಹಿಡಿದರೆ ಅದನ್ನು ಯಾವ ಎಡಿಟಿಂಗಿನಿಂದಲೂ ತೆಗೆಯಲಾಗದು.